ನನ್ನದು ಛಲ, ನಿನ್ನದು ಹಠ, ಅವನದು ಮೊಂಡುತನ

ಮಂಗಳೂರಿನ ಹಂಪನಕಟ್ಟೆಯ ಹಳೇ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಮುಗಿಸಿ ಕೆಲಸ ಹುಡುಕುವ ಮಕ್ಕಳೇ ಜಾಸ್ತಿ ಬರುವುದು. ಕಳೆದ ಮಳೆಗಾಲದಲ್ಲಿ ಮೂಡುಬಿದಿರೆ ಕಡೆಯ ಹುಡುಗಿಯೊಬ್ಬಳು ತನ್ನ ರೆಸ್ಯೂಮೆ ತಂದು ಮೇಜಿನ ಮೇಲಿಟ್ಟಳು. ಬಸ್ಸಿಳಿದು ಬರುವಾಗ ಹಾಳೆಯ ಒಂದು ಮೂಲೆ ಒದ್ದೆಯಾಗಿತ್ತು. ತನ್ನ ಒಳ್ಳೆಯ ಗುಣಗಳನ್ನು ಹೇಳಬೇಕಾದ ಜಾಗದಲ್ಲಿ ಮೊದಲ ಸಾಲೇ ಹೀಗಿತ್ತು: 'ಐ ಆ್ಯಮ್ ಎ ವೆರಿ ಆಬ್ಸ್ಟಿನೇಟ್ ಪರ್ಸನ್.'

"ಇದೆಂತ ಬರೆದದ್ದು?" ಅಂತ ಕೇಳಿದೆ.

"ನನಗೆ ಛಲ ಜಾಸ್ತಿ ಅಂತ, ಟೀಚರ್. ಡಿಕ್ಷನರಿ ನೋಡಿಯೇ ಬರೆದೆ."

ಅವಳು ಸುಳ್ಳು ಹೇಳಿರಲಿಲ್ಲ. ಹಠಮಾರಿ ಅಂತ ಹುಡುಕಿದರೆ ಸ್ಟಬರ್ನ್, ಆಬ್ಸ್ಟಿನೇಟ್, ಅಡಮಂಟ್, ಹೆಡ್‌ಸ್ಟ್ರಾಂಗ್ ಎಲ್ಲ ಸಾಲಾಗಿ ಸಿಗುತ್ತವೆ, ನಡುವೆ ಒಂದೊಂದು ಅಲ್ಪವಿರಾಮ. ಆ ಅಲ್ಪವಿರಾಮ ನೋಡಿ ಎಲ್ಲದಕ್ಕೂ ಒಂದೇ ಅರ್ಥ ಅಂದುಕೊಳ್ಳುತ್ತೇವೆ. ಆದರೆ ಇಂಟರ್ವ್ಯೂ ಮಾಡುವವರು ಅವಳ ಸಾಲನ್ನು ಓದುವುದು ಬೇರೆ ರೀತಿ: 'ಎಷ್ಟು ತಿಳಿಸಿ ಹೇಳಿದರೂ ನಾನು ಕೇಳುವವಳಲ್ಲ.' ಕೆಲಸ ಕೇಳಲು ಹೋದವಳು ತನ್ನ ಮೇಲೆ ತಾನೇ ದೂರು ಬರೆದುಕೊಂಡು ಹೋದ ಹಾಗಾಯಿತು. ಆ ದಿನ ಪಾಠ ಬಿಟ್ಟು ಒಂದು ಗಂಟೆ ಇದನ್ನೇ ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಜಾಸ್ತಿ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪದಗಳನ್ನು ಇಂಗ್ಲಿಷ್ ಪದಗಳ ಜೊತೆ ಕೂರಿಸುವ ಕೆಲಸಕ್ಕೂ ನಮ್ಮ ಊರಿಗೂ ಹಳೇ ನಂಟು. ಕಿಟೆಲ್ ಅವರ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಗಿ ಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಅದಕ್ಕೂ ಎಂಟು ವರ್ಷ ಮೊದಲು, 1886ರಲ್ಲಿ, ಮೆನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂದಿತ್ತು. ಅಷ್ಟು ದೊಡ್ಡ ಕೆಲಸ ಮಾಡಿದವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಯಾವ ನಿಘಂಟೂ ಒಂದು ಪದಕ್ಕೆ ಅರ್ಥ ಕೊಟ್ಟ ಮೇಲೆ 'ಇದನ್ನು ಯಾರು ಯಾರ ಬಗ್ಗೆ ಹೇಳುವುದು' ಅಂತ ಪ್ರತಿ ಸಲ ಹೇಳುತ್ತಾ ಕೂರಲು ಆಗುವುದಿಲ್ಲ. ಹಠದ ಪದಗಳಲ್ಲಿ ಅದೇ ಮುಖ್ಯ.

ಯಾಕೆ ಮುಖ್ಯ ಅಂತ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಒಂದೇ ಸಾಲಿನಲ್ಲಿ ತೋರಿಸಿಕೊಟ್ಟರು. ಶಾಲೆಯಲ್ಲಿ ನಾನು-ನೀನು-ಅವನು ಅಂತ ಕ್ರಿಯಾಪದದ ರೂಪ ಬಾಯಿಪಾಠ ಮಾಡುತ್ತೇವಲ್ಲ, ಹಾಗೆ: ನಾನು ಫರ್ಮ್ (ದೃಢ), ನೀನು ಆಬ್ಸ್ಟಿನೇಟ್, ಅವನು ಪಿಗ್‌ಹೆಡೆಡ್ ಮೂರ್ಖ. ಮೂರು ಜನ ಮಾಡುತ್ತಿರುವುದು ಒಂದೇ ಕೆಲಸ, ಹಿಡಿದದ್ದನ್ನು ಬಿಡದೇ ಇರುವುದು. ಹೆಸರು ಮಾತ್ರ ಬೇರೆ. ನಾನೇ ಹಾಗಿದ್ದರೆ ಒಳ್ಳೆಯ ಹೆಸರು, ಎದುರಿಗಿರುವವನು ಹಾಗಿದ್ದರೆ ಸ್ವಲ್ಪ ಕಹಿ ಹೆಸರು, ಇಲ್ಲಿ ಇಲ್ಲದವನಿಗೆ ಬೈಗುಳ.

ಕನ್ನಡದಲ್ಲೂ ಇದು ಹೊಸದಲ್ಲ. ನನ್ನದು ಛಲ, ನಿನ್ನದು ಹಠ, ಅವನದು ಮೊಂಡುತನ. ಮನೆಯಲ್ಲಿ ಜಾಗದ ಪಾಲಿನ ಮಾತು ನಡೆಯುವಾಗ ಕೇಳಿ ನೋಡಿ, ಮೂರೂ ಪದ ಇದೇ ಕ್ರಮದಲ್ಲಿ ಬರುತ್ತವೆ. ಹುಡುಗಿ ಮಾಡಿದ ತಪ್ಪು ಇಷ್ಟೇ: 'ನಾನು' ಅನ್ನುವ ಜಾಗದಲ್ಲಿ 'ನೀನು' ಜಾಗದ ಪದ ಇಟ್ಟಿದ್ದಳು.

ಸ್ಟಬರ್ನ್ ಇವುಗಳಲ್ಲಿ ಎಲ್ಲದಕ್ಕಿಂತ ಸಾಮಾನ್ಯ ಪದ, ಎಲ್ಲಿ ಬೇಕಾದರೂ ಹೋಗುತ್ತದೆ. ಬೈಯಲೂ ಆಗುತ್ತದೆ, ಅಕ್ಕರೆಯಿಂದ ಹೇಳಲೂ ಆಗುತ್ತದೆ. ಎಂಬತ್ತು ದಾಟಿದ ಅಜ್ಜ ಊರುಗೋಲು ಬೇಡ ಅಂತ ಅಂಗಳದ ಮೆಟ್ಟಿಲು ತಾನೇ ಇಳಿಯುತ್ತಾರಲ್ಲ, ಮೊಮ್ಮಗಳು 'ಹಿ ಈಸ್ ಸೋ ಸ್ಟಬರ್ನ್' ಅಂದರೆ ಅದರಲ್ಲಿ ಪ್ರೀತಿಯೂ ಇದೆ. ಮನುಷ್ಯರೇ ಆಗಬೇಕು ಅಂತಲೂ ಇಲ್ಲ. ವಾರಗಟ್ಟಲೆ ಬಿಡದ ಕೆಮ್ಮು ಸ್ಟಬರ್ನ್. ಬಿಳಿ ಅಂಗಿಗೆ ಗೇರುಹಣ್ಣಿನ ರಸ ಬಿದ್ದರೆ ಉಳಿಯುವ ಕಲೆ ಸ್ಟಬರ್ನ್, ಎಷ್ಟು ಉಜ್ಜಿದರೂ ಹೋಗದು. ಅದೇ ಕಲೆಗೆ ಪಿಗ್‌ಹೆಡೆಡ್ ಅಂತ ಯಾರೂ ಹೇಳುವುದಿಲ್ಲ, ಯಾಕೆಂದರೆ ಆ ಪದಕ್ಕೆ ತಲೆ ಬೇಕು, ಆ ತಲೆ ಕೆಲಸ ಮಾಡದೇ ಇರಬೇಕು.

ಆಬ್ಸ್ಟಿನೇಟ್ ಒಂದು ಮೆಟ್ಟಿಲು ಗಟ್ಟಿ. ಲ್ಯಾಟಿನ್ ಮೂಲದ ಪದ, ಒಳಗೆ 'ನಿಲ್ಲು' ಅನ್ನುವ ಬೇರಿದೆ. ನಮ್ಮ ಸ್ಥಿರ, ಸ್ಥಾನ ಪದಗಳ 'ಸ್ಥಾ' ಕೂಡ ಆ ಬೇರಿನ ನೆಂಟನೇ. ಎದುರಿಗೆ ಬಂದು ಅಡ್ಡ ನಿಂತವನ ಚಿತ್ರ ಅದು. ಕಾರಣ ಕೊಟ್ಟು, ತಿಳಿಸಿ ಹೇಳಿ, ಬೇಡಿಕೊಂಡ ಮೇಲೂ ಜಗ್ಗದವನು ಆಬ್ಸ್ಟಿನೇಟ್. ಹೇಳುವವನಿಗೆ ಸಿಟ್ಟು ಬಂದಿದೆ ಅಂತ ಪದದಲ್ಲೇ ಗೊತ್ತಾಗುತ್ತದೆ. ಸ್ಟಬರ್ನ್ ಧೈರ್ಯ ಅಂತ ಹೊಗಳಬಹುದು, ಆಬ್ಸ್ಟಿನೇಟ್ ಅಂತ ಹೊಗಳುವುದು ಅಪರೂಪ.

ಪಿಗ್‌ಹೆಡೆಡ್‌ಗೆ ನಮ್ಮಲ್ಲಿ ಪದಕ್ಕಿಂತ ಗಾದೆಯೇ ಚೆನ್ನಾಗಿ ಹೊಂದುತ್ತದೆ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೊಲ ಎದುರಿಗೇ ಇದೆ, ಕಾಲು ನಾಲ್ಕಿದೆ, ಎಣಿಸಿ ತೋರಿಸಿದ್ದೂ ಆಗಿದೆ. ಆದರೂ ಮೂರೇ. ಇದು ಬರೀ ಹಠವಲ್ಲ, ತಪ್ಪಿನ ಮೇಲೆ ಹಠ. ಇಂಗ್ಲಿಷಿನವರು ಇಂಥ ಹಠವನ್ನು ಹಂದಿ, ಗೂಳಿ, ಹೇಸರಗತ್ತೆ ಅಂತ ಪ್ರಾಣಿಗಳ ತಲೆಗೆ ಕಟ್ಟಿದ್ದಾರೆ. ಮ್ಯೂಲಿಶ್ ಅಂದರೆ ಹೇಸರಗತ್ತೆಯಂಥ. ಅದನ್ನು ನಮ್ಮ ಕರಾವಳಿಯಲ್ಲಿ ನೋಡಿದವರು ಕಮ್ಮಿ, ಹಾಗಾಗಿ ಮಕ್ಕಳಿಗೆ ನಾನು ಕಂಬಳದ ಗದ್ದೆಗೆ ಇಳಿಯಲು ಒಪ್ಪದೆ ಕಾಲೂರಿ ನಿಂತ ಕೋಣವನ್ನು ನೆನಪಿಸುತ್ತೇನೆ. ನಾಲ್ಕು ಜನ ಎಳೆದರೂ ಅದು ನಿಂತಲ್ಲೇ. ಮಾತಿಲ್ಲ, ವಾದವಿಲ್ಲ, ಸುಮ್ನೆ ಕದಲುವುದಿಲ್ಲ. ಅದೇ ಮ್ಯೂಲಿಶ್.

ಈಗ ಅಡಮಂಟ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಈ ಪದದಿಂದ ಮಕ್ಕಳಿಗೆ ಆಗುವ ಅನ್ಯಾಯ ನನಗೆ ನೋಡಲು ಆಗುವುದಿಲ್ಲ.

ನನ್ನ ತಂಗಿಯ ಮಗನಿಗೆ ಆರು ವರ್ಷ. ಅವನ ಶಾಲೆಯ ರಿಪೋರ್ಟ್ ಕಾರ್ಡಿನಲ್ಲಿ ಒಂದು ಸಲ ಬರೆದಿದ್ದರು, 'ವೆರಿ ಅಡಮಂಟ್ ಚೈಲ್ಡ್.' ತಂಗಿ ಎರಡು ದಿನ ಸರಿ ಊಟ ಮಾಡಲಿಲ್ಲ. ಆಗಿದ್ದೇನು ಅಂತ ಕೇಳಿದರೆ, ಒಂದು ವಾರ ಮಧ್ಯಾಹ್ನ ಟಿಫಿನ್ ಡಬ್ಬಿ ತೆರೆಯದೆ 'ಎಂಕ್ ಬೊಡ್ಚಿ' ಅಂತ ಕೂತಿದ್ದನಂತೆ. ಬೇಡ ಅಂದದ್ದು ಅಷ್ಟೇ. ಹಲ್ಲು ಅಲ್ಲಾಡುತ್ತಿತ್ತು, ಜಗಿದರೆ ನೋಯುತ್ತಿತ್ತು, ಹೇಳಲು ಗೊತ್ತಾಗಲಿಲ್ಲ.

ಅಡಮಂಟ್ ಅಂದರೆ ಮೂಲದಲ್ಲಿ ಕಲ್ಲು. ಗ್ರೀಕಿನ 'ಅದಮಾಸ್' ಅಂದರೆ ಪಳಗಿಸಲಾಗದ್ದು, ಗೆಲ್ಲಲಾಗದ್ದು. ಎಲ್ಲಕ್ಕಿಂತ ಗಟ್ಟಿಯಾದ ಕಲ್ಲಿಗೆ ಆ ಹೆಸರಿಟ್ಟರು, ಡೈಮಂಡ್ ಹುಟ್ಟಿದ್ದೂ ಅದರಿಂದಲೇ. ನಮ್ಮ ದಮನ, ಅದಮ್ಯ ಪದಗಳ 'ದಮ್' ಕೂಡ ಇದೇ ಬೇರಿಗೆ ಸೇರಿದ್ದು. ಇಷ್ಟು ಭಾರದ ಪದವನ್ನು ಇಂಗ್ಲಿಷ್ ಮನೆಮಾತಿನವರು ಸಾಮಾನ್ಯವಾಗಿ ಒಬ್ಬರ ಸ್ವಭಾವಕ್ಕೆ ಹಚ್ಚುವುದಿಲ್ಲ. ಒಂದು ವಿಷಯದಲ್ಲಿ ತೆಗೆದುಕೊಂಡ ನಿಲುವಿಗೆ ಹಚ್ಚುತ್ತಾರೆ. ಮಂತ್ರಿ ರಾಜೀನಾಮೆ ಕೊಡುವುದಿಲ್ಲ ಅಂತ ಪಟ್ಟು ಹಿಡಿದರೆ 'ಹಿ ಈಸ್ ಅಡಮಂಟ್ ದಟ್ ಹಿ ವಿಲ್ ನಾಟ್ ರಿಸೈನ್' ಅಂತಾರೆ. ಯಾವ ವಿಷಯದಲ್ಲಿ ಅಂತ ಹಿಂದೆಯೇ ಬರುತ್ತದೆ. ಅದು ಬಾರದೆ ಬರೀ 'ಅಡಮಂಟ್ ಚೈಲ್ಡ್' ಅನ್ನುವುದು ನಮ್ಮ ದೇಶದ ಇಂಗ್ಲಿಷಿನಲ್ಲಿ ಬೆಳೆದ ರೂಢಿ.

ಈ ರೂಢಿ ಯಾಕೆ ಬಂತು ಅಂತ ಯೋಚನೆ ಮಾಡಿದರೆ ಕನ್ನಡದ ಒಂದು ಚಂದದ ಗುಣ ಕಾಣುತ್ತದೆ. ನಮ್ಮಲ್ಲಿ ಹಠ ಅನ್ನುವುದು ಮಾಡುವ ಕೆಲಸ. ಮಗು ಹಠ ಮಾಡುತ್ತದೆ, ಹಠ ಹಿಡಿಯುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಹಠ ಬಿಡುತ್ತದೆ. ಹಿಡಿಯಲೂ ಬಿಡಲೂ ಬರುವ ವಸ್ತು ಅದು. ರಥಬೀದಿಯ ತೇರಿನ ದಿನ ಬಲೂನಿಗೆ ಹಠ ಮಾಡಿ ನೆಲದಲ್ಲಿ ಹೊರಳಿದ ಮಗು ಹತ್ತು ನಿಮಿಷ ಬಿಟ್ಟು ಚುರುಮುರಿ ತಿನ್ನುತ್ತಾ ನಗುತ್ತಿರುತ್ತದೆ. ಹಠ ಮಾಡಿದ ಅಂದ ಮಾತ್ರಕ್ಕೆ ಹಠಮಾರಿ ಆಗಲಿಲ್ಲ, ಅದಕ್ಕೆ ಬೇರೆ ಪದವೇ ಇದೆ. ಇಂಗ್ಲಿಷಿನಲ್ಲಿ 'ಹಠ ಮಾಡು' ಅನ್ನುವುದಕ್ಕೆ ನೇರ ಕ್ರಿಯಾಪದ ಇಲ್ಲ. ಆಗ ನಾವು ಕೈಗೆ ಸಿಕ್ಕ ಗುಣವಾಚಕ ಎತ್ತಿಕೊಂಡು 'ತುಂಬಾ ಅಡಮಂಟ್ ಮಾಡ್ತಾನೆ' ಅಂತ ಮನೆಯಲ್ಲಿ ಶುರು ಮಾಡುತ್ತೇವೆ, ಅದು ಶಾಲೆಗೆ ಹೋಗುವಾಗ 'ಹಿ ಈಸ್ ಅಡಮಂಟ್' ಆಗುತ್ತದೆ. ಒಂದು ಮಧ್ಯಾಹ್ನದ ಸಂಗತಿ ಮಗುವಿನ ಹೆಸರಿನ ಪಕ್ಕ ಗುಣವಾಗಿ ಕೂರುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲೇ ದಾರಿ ಇದೆ, ಸಣ್ಣದು, ಆದರೆ ತುಂಬಾ ಉಪಯೋಗದ್ದು. 'ಹಿ ಈಸ್ ಸ್ಟಬರ್ನ್' ಅಂದರೆ ಅವನ ಸ್ವಭಾವವೇ ಅದು. 'ಹಿ ಈಸ್ ಬೀಯಿಂಗ್ ಸ್ಟಬರ್ನ್' ಅಂದರೆ ಈಗ ಹಠ ಮಾಡುತ್ತಿದ್ದಾನೆ, ಆಮೇಲೆ ಸರಿಯಾಗುತ್ತಾನೆ. ನಡುವೆ ಬಂದ 'ಬೀಯಿಂಗ್' ಇಡೀ ಮಾತನ್ನು ಈ ಹೊತ್ತಿಗೆ ಕಟ್ಟಿ ಹಾಕುತ್ತದೆ. ಅತ್ತು ಕೂಗಿ ಹೊರಳಿದರೆ ಅದಕ್ಕೆ ಟ್ಯಾಂಟ್ರಮ್ ಅಂತ ಪದವಿದೆ, 'ಹಿ ಥ್ರೂ ಎ ಟ್ಯಾಂಟ್ರಮ್.' ಬೇಕೇ ಬೇಕು ಅಂತ ಪಟ್ಟು ಹಿಡಿದರೆ 'ಹಿ ಇನ್ಸಿಸ್ಟೆಡ್ ಆನ್ ಇಟ್.' ಬೇಡ ಅಂದರೆ 'ಹಿ ರೆಫ್ಯೂಸ್ಡ್.' ತಂಗಿಯ ಮಗನ ಕಾರ್ಡಿನಲ್ಲಿ 'ಒಂದು ವಾರದಿಂದ ಊಟ ಬೇಡ ಅನ್ನುತ್ತಿದ್ದಾನೆ' ಅಂತ ಬರೆದಿದ್ದರೆ ಅವಳು ಮೊದಲ ದಿನವೇ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದಳು.

ಮುಂದಿನ ಕೆಲವು ಪದಗಳಿಗೆ ನನಗೆ ಯಕ್ಷಗಾನವೇ ನಿಘಂಟು. ಎರಡು ಜನ ಕೂತು ರಾತ್ರಿಯಿಡೀ ಒಬ್ಬನ ಹಠ ಸರಿಯೋ ತಪ್ಪೋ ಅಂತ ಅರ್ಥ ಹೇಳುವ ತಾಳಮದ್ದಳೆ ಇರುವ ಊರು ನಮ್ಮದು, ಇದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೆಲ್ಲಿ ಸಿಗಬೇಕು?

ಕೃಷ್ಣ ಸಂಧಾನದ ಕೌರವನನ್ನು ನೆನಪಿಸಿಕೊಳ್ಳಿ. ಅರ್ಧ ರಾಜ್ಯ ಬೇಡ, ಐದು ಊರು ಕೊಡು ಅಂತ ಕೃಷ್ಣ ಇಳಿದು ಬರುತ್ತಾನೆ. ಸೂಜಿಮೊನೆಯಷ್ಟು ಜಾಗವನ್ನೂ ಕೊಡುವುದಿಲ್ಲ ಅನ್ನುತ್ತಾನೆ ಕೌರವ. ಇದು ಇನ್‌ಟ್ರಾನ್ಸಿಜೆಂಟ್. ರಾಜಿ ಮಾತುಕತೆಯಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿಯದವನಿಗೆ ಈ ಪದ. ಪದ ಬಂದದ್ದೂ ರಾಜಕೀಯದಿಂದಲೇ, 1870ರ ದಶಕದ ಸ್ಪೇನಿನಲ್ಲಿ ಯಾವ ರಾಜಿಗೂ ಒಪ್ಪದ ಗಣರಾಜ್ಯವಾದಿಗಳನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಹಾಗಾಗಿ ಮಾತುಕತೆಗೆ ಎರಡು ಪಕ್ಷ ಇರುವಲ್ಲಿ ಇದು ಸರಿ ಹೊಂದುತ್ತದೆ: ದೇಶ ದೇಶಗಳ ನಡುವೆ, ಯೂನಿಯನ್ ಮತ್ತು ಮಾಲೀಕರ ನಡುವೆ. ಬಲೂನು ಕೇಳುವ ಮಗು ಇನ್‌ಟ್ರಾನ್ಸಿಜೆಂಟ್ ಆಗುವುದಿಲ್ಲ. ಇದೇ ಕೌರವನನ್ನು ಪಂಪ ಹತ್ತನೇ ಶತಮಾನದಲ್ಲಿ ಛಲಕ್ಕೆ ಮಾದರಿ ಅಂತ ಹೊಗಳಿದ ಅನ್ನುವುದನ್ನು ಮರೆಯಬಾರದು. ಕೃಷ್ಣನ ಪಾತ್ರಧಾರಿ ಹಠ ಅಂದದ್ದನ್ನು ಕೌರವನ ಪಾತ್ರಧಾರಿ ಛಲ ಅಂತ ತಿರುಗಿಸಿ ಹೇಳುವಾಗ ಸಭೆ ಮೈಯೆಲ್ಲಾ ಕಿವಿಯಾಗಿ ಕೂತಿರುತ್ತದೆ. ರಸೆಲ್ ಹೇಳಿದ್ದೂ ಇದನ್ನೇ ಅಲ್ವಾ?

ದಕ್ಷಾಧ್ವರದ ದಾಕ್ಷಾಯಿಣಿ ಬೇರೆ ಜಾತಿಯ ಹಠ. ಕರೆಯದ ಯಾಗಕ್ಕೆ ಹೋಗಬೇಡ ಅಂತ ಶಿವ ಎಷ್ಟು ಹೇಳಿದರೂ ಹೊರಟೇಬಿಡುತ್ತಾಳೆ. ಇದು ಹೆಡ್‌ಸ್ಟ್ರಾಂಗ್. ಕೌರವ ನಿಂತಲ್ಲಿಂದ ಕದಲುವುದಿಲ್ಲ, ದಾಕ್ಷಾಯಿಣಿ ತಡೆದರೂ ನಿಲ್ಲುವುದಿಲ್ಲ. ಹೆಡ್‌ಸ್ಟ್ರಾಂಗ್‌ನಲ್ಲಿ ಓಟ ಇದೆ, ದುಡುಕು ಇದೆ. ಹರೆಯದವರ ಬಗ್ಗೆ ಈ ಪದ ಜಾಸ್ತಿ ಕೇಳುವುದು ಅದಕ್ಕೇ. ಇನ್ನು ದಶರಥ ಕಾಲು ಹಿಡಿದು ಬೇಡಿದರೂ ಕರಗದ ಕೈಕೇಯಿ ಆಬ್ಡ್ಯುರೇಟ್. ಗಟ್ಟಿ ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು, ಡ್ಯೂರಬಲ್ ಇದರ ಬಳಗದ್ದೇ. ಇಲ್ಲಿ ಗಟ್ಟಿಯಾಗಿರುವುದು ಮನಸ್ಸು, ಕಣ್ಣೀರು ಕಂಡರೂ ಮರುಗದ ಮನಸ್ಸು. ದಯೆ ಕೇಳಿದವರು ಒಬ್ಬರು ಇದ್ದಾಗ ಮಾತ್ರ ಈ ಪದ ಬಳಸಿ.

ರಿಕ್ಯಾಲ್ಸಿಟ್ರಂಟ್ ಅಂತ ನಾಲಗೆ ಹೊರಳದ ಪದ ಒಂದಿದೆ. ಹಿಮ್ಮಡಿಯಿಂದ ಒದೆಯುವುದು ಅಂತ ಮೂಲ ಅರ್ಥ. ಜೀನು ಹಾಕಲು ಹೋದವನಿಗೆ ಕುದುರೆ ಒದೆಯುತ್ತದಲ್ಲ, ಅದು. ನಮ್ಮ ಮೆಡಿಕಲ್ ಓದುವ ಮಕ್ಕಳಿಗೆ ಹಿಮ್ಮಡಿ ಮೂಳೆಯ ಹೆಸರು ಕ್ಯಾಲ್ಕೇನಿಯಸ್ ಅಂತ ಗೊತ್ತಿರುತ್ತದೆ, ಅದೇ ಬೇರು. ಮೇಲಿನವರ ಹಿಡಿತಕ್ಕೆ, ಶಿಸ್ತಿಗೆ ಒಗ್ಗದವರಿಗೆ ಈ ಪದ. ಆದರೆ ನನಗೆ ಇದು ಇಷ್ಟವಾದದ್ದು ಬೀಜಗಳಿಂದ. 1973ರಲ್ಲಿ ಇ. ಎಚ್. ರಾಬರ್ಟ್ಸ್ ಅನ್ನುವ ವಿಜ್ಞಾನಿ ಬೀಜಗಳನ್ನು ಎರಡು ಗುಂಪು ಮಾಡಿದರು. ಒಣಗಿಸಿ ಇಟ್ಟರೂ ಜೀವ ಹಿಡಿದುಕೊಂಡಿರುವವು ಆರ್ಥೊಡಾಕ್ಸ್. ಒಣಗಿಸಿದರೆ ಸತ್ತೇಹೋಗುವವು ರಿಕ್ಯಾಲ್ಸಿಟ್ರಂಟ್. ಭತ್ತ ಮೊದಲ ಗುಂಪು, ಒಣಗಿಸಿ ಮುಡಿ ಕಟ್ಟಿಟ್ಟರೆ ಮುಂದಿನ ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಮೊಳಕೆ ಬರುತ್ತದೆ. ಹಲಸು, ಮಾವು ಎರಡನೇ ಗುಂಪು. ನನ್ನ ಅಜ್ಜಿ ಹಲಸಿನ ಬೀಜವನ್ನು ಕೆಂಪು ಮಣ್ಣಿನಲ್ಲಿ ಕಲಸಿ ಅಡುಗೆಮನೆ ಹಿಂದಿನ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು, ಒಣಗಬಾರದು ಅಂತ. ಆಟಿ ತಿಂಗಳ ಜಡಿಮಳೆಯಲ್ಲಿ ಅದನ್ನೇ ತೊಳೆದು ಪದಾರ್ಥಕ್ಕೆ ಹಾಕುವುದು. ನಾವು ಹೇಳಿದ ಹಾಗೆ ಇರಲು ಒಪ್ಪದ ಬೀಜಕ್ಕೆ, ಒಪ್ಪದೇ ಇರುವುದು ಅದರ ಜೀವದ ಗುಣ ಅಂತ ಗೊತ್ತಿದ್ದೂ, ಹಠಮಾರಿಯ ಹೆಸರಿಟ್ಟಿದ್ದಾರೆ. ಮಕ್ಕಳ ಬಗ್ಗೆ ದೂರು ಹೇಳುವ ತಂದೆತಾಯಿಗಳಿಗೆ ನಾನು ಈ ಬೀಜದ ಕತೆ ಹೇಳುತ್ತೇನೆ.

ವಿಲ್‌ಫುಲ್ ಬಗ್ಗೆ ಒಂದೇ ಎಚ್ಚರ. ಮಗುವಿನ ಬಗ್ಗೆ ಹೇಳಿದರೆ ತನ್ನಿಷ್ಟದಂತೆಯೇ ಆಗಬೇಕು ಅನ್ನುವ ಮಗು ಅಂತ. ಕಾನೂನಿನಲ್ಲಿ, ಬ್ಯಾಂಕಿನಲ್ಲಿ ಹಠಕ್ಕೂ ಅದಕ್ಕೂ ಸಂಬಂಧ ಇಲ್ಲ, ಬೇಕೆಂದೇ ಮಾಡಿದ ಅಂತ ಅರ್ಥ. 1906ರ ಕೆನರಾ, ಕಾರ್ಪೊರೇಶನ್‌ನಿಂದ ಹಿಡಿದು 1931ರ ವಿಜಯಾ ಬ್ಯಾಂಕ್‌ವರೆಗೆ ಐದು ಬ್ಯಾಂಕ್ ಹುಟ್ಟಿದ, ಆಗ ಉಡುಪಿಯೂ ಸೇರಿದ್ದ ಜಿಲ್ಲೆ ನಮ್ಮದು, 'ವಿಲ್‌ಫುಲ್ ಡಿಫಾಲ್ಟರ್' ಕಿವಿಗೆ ಬೀಳದವರು ಕಮ್ಮಿ. ಕಟ್ಟಲು ಶಕ್ತಿ ಇದ್ದೂ ಬೇಕೆಂದೇ ಸಾಲ ಕಟ್ಟದವನು. ಅದನ್ನು 'ಹಠಮಾರಿ ಸುಸ್ತಿದಾರ' ಅಂತ ಕನ್ನಡ ಮಾಡಿದ್ದನ್ನು ನಾನು ನೋಡಿದ್ದೇನೆ. 'ಉದ್ದೇಶಪೂರ್ವಕ' ಅನ್ನುವುದೇ ಸರಿ.

ಇನ್ನು ಹುಡುಗಿಗೆ ನಿಜವಾಗಿ ಬೇಕಾಗಿದ್ದ ಪದಗಳು. ಟಿನೇಶಿಯಸ್ ಅಂದರೆ ಬಿಗಿಯಾಗಿ ಹಿಡಿದವಳು. ಕನ್ನಡದಲ್ಲಿ ಉಡದ ಪಟ್ಟು ಅಂತೀವಿ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಕಿತ್ತು ನೋಡಿ, ಗಂಟುಗಂಟಿನಲ್ಲೂ ಬೇರು ಕಚ್ಚಿಕೊಂಡಿರುತ್ತದೆ, ಆ ಹಿಡಿತ. ಡಾಗಿಡ್ ಅಂದರೆ ನಿಧಾನವಾದರೂ ಬಿಡದೆ ಮಾಡುವವಳು. ಎರಡು ಉಚ್ಚಾರಾಂಶ ಮಾಡಿ 'ಡಾಗಿಡ್' ಅಂತಲೇ ಹೇಳಬೇಕು. ನಾಯಿಯಿಂದ ಬಂದ ಪದ, ಮೊದಲು ಬೈಗುಳವಾಗಿತ್ತು, ಆಮೇಲೆ ಮೆಚ್ಚುಗೆಯಾಯಿತು. ಇಡೀ ದಿನ ಆಡಿ ಟೆಸ್ಟ್ ಪಂದ್ಯ ಉಳಿಸುವ ಬ್ಯಾಟ್ಸ್‌ಮನ್ ಡಾಗಿಡ್. ಪರ್ಸಿಸ್ಟೆಂಟ್ ಅಂದರೆ ಒಂದು ಸಲ ಆಗದಿದ್ದರೆ ಮತ್ತೆ, ಮತ್ತೆ ಆಗದಿದ್ದರೆ ಇನ್ನೊಮ್ಮೆ. ಇವು ಮೂರೂ ಕಷ್ಟದ ಎದುರು ಹಿಡಿದ ಪಟ್ಟು. ಬೇರೆಯವರ ಮಾತಿನ ಎದುರು ಹಿಡಿದ ಪಟ್ಟಿಗೆ ಆಬ್ಸ್ಟಿನೇಟ್ ಬೇಕಾಗುತ್ತದೆ. ಪದ ಆರಿಸುವಾಗ 'ಇವನು ಏನನ್ನು ಎದುರಿಸಿ ನಿಂತಿದ್ದಾನೆ' ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಆಯ್ಕೆಯನ್ನು ಗಾಂಧೀಜಿ ಎಷ್ಟು ಜಾಗ್ರತೆಯಿಂದ ಮಾಡಿದರು ನೋಡಿ. ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಶುರುವಾದ ಹೋರಾಟಕ್ಕೆ ಹೆಸರು ಬೇಕಿತ್ತು. ಗಾಂಧೀಜಿಯ ಸಂಬಂಧಿ ಮಗನಲಾಲ್ ಗಾಂಧಿ 'ಸದಾಗ್ರಹ' ಅಂತ ಸೂಚಿಸಿದರು, ಗಾಂಧೀಜಿ ಅದನ್ನು 'ಸತ್ಯಾಗ್ರಹ' ಅಂತ ತಿದ್ದಿದರು. ಆಗ್ರಹ ಅಂದರೆ ಪಟ್ಟು, ದುರಾಗ್ರಹದಲ್ಲೂ ಇರುವುದು ಅದೇ ಆಗ್ರಹ. ಇಂಗ್ಲಿಷಿನಲ್ಲಿ ವಿವರಿಸುವಾಗ ಆ ಪಟ್ಟಿಗೆ ಅವರು ಇಟ್ಟ ಪದ ಫರ್ಮ್‌ನೆಸ್. ಸ್ಟಬರ್ನ್‌ನೆಸ್ ಅಂತ ಇಟ್ಟಿದ್ದರೆ ಎದುರಿನವರಿಗೆ ತಾವೇ ಬೈಗುಳ ಒದಗಿಸಿಕೊಟ್ಟ ಹಾಗಾಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಹುಡುಗಿಗೆ ಕೇಳಿದೆ, "ನಿನಗೆ ಛಲ ಜಾಸ್ತಿ ಅಂತ ಯಾರು ಹೇಳಿದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಛಲ ಅಂತ ಯಾರೂ ಹೇಳಲಿಲ್ಲ ಟೀಚರ್. ಮನೆಯಲ್ಲಿ ಹಠಮಾರಿ ಅಂತಲೇ ಹೇಳುವುದು. ಪಿಯುಸಿ ಆದ ಮೇಲೆ ಸಾಕು ಅಂದರು ಅಪ್ಪ. ಅಮ್ಮನ ಜೊತೆ ಎರಡು ವರ್ಷ ಬೀಡಿ ಕಟ್ಟಿದೆ. ಆ ದುಡ್ಡಿನಲ್ಲಿ ಬಿಕಾಂಗೆ ಸೇರಿದೆ."

ಅಪ್ಪ ಹೇಳಿದ್ದನ್ನು ಅವಳು ಡಿಕ್ಷನರಿ ನೋಡಿ ಇಂಗ್ಲಿಷಿಗೆ ತಂದಿದ್ದಳು, ಹೊಗಳಿಕೆ ಅಂದುಕೊಂಡು.

ಈಗ ಹೇಳಿದ್ದನ್ನೇ ಬರಿ ಅಂದೆ. ಮೇಲಿನ ಸಾಲನ್ನು ಹೊಡೆದು ಹಾಕಿ, ಒದ್ದೆ ಮೂಲೆ ತಪ್ಪಿಸಿ, ಪೆನ್ಸಿಲಿನಲ್ಲಿ ಬರೆದಳು: ಪಿಯುಸಿ ನಂತರ ಎರಡು ವರ್ಷ ದುಡಿದು, ನನ್ನ ಫೀಸ್ ನಾನೇ ಉಳಿಸಿ, ಬಿಕಾಂ ಮುಗಿಸಿದ್ದೇನೆ. ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಪದಗಳೇ ಸಾಕಾದವು. ಅದರ ಮೇಲೆ ಒಂದೇ ಒಂದು ಗುಣದ ಹೆಸರು ಬೇಕು ಅಂತ ಅವಳಿಗೆ ಆಸೆ ಇತ್ತು. ಹೇಳಿದೆ.

"ಪರ್ಸಿಸ್ಟೆಂಟ್," ಅಂತ ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. "ಕೊನೆಗೆ ಎ-ಎನ್-ಟಿ ಯಾ, ಇ-ಎನ್-ಟಿ ಯಾ ಟೀಚರ್?"

"ಇ-ಎನ್-ಟಿ."